ನಮ್ಮ ಮಾತು ನಗೆಯ ಸರಕೇ?

2025ನೆಯ ಇಸವಿಯ ಒಂದು ಸಂಜೆ. ಯಾದಗಿರಿಯ ಒಂದು ಚಿತ್ರಮಂದಿರದಲ್ಲಿ ಮೊದಲನೆಯ ಆಟ. ನನ್ನ ಪಕ್ಕದಲ್ಲಿ ನೆರೆಮನೆಯವರ ಹುಡುಗ, ಒಂಬತ್ತು ವರ್ಷದವನು, ಚುರಮುರಿಯ ಪೊಟ್ಟಣ ಹಿಡಿದು ಕುಳಿತಿದ್ದ. ಪರದೆಯ ಮೇಲೆ ಬೆಂಗಳೂರಿನ ಯಾರೋ ಸಿರಿವಂತರ ಮನೆಯ ಕತೆ. ನಾಯಕ ಮಾತನಾಡಿದ, ನಾಯಕಿ ಮಾತನಾಡಿದಳು, ಖಳನೂ ಮಾತನಾಡಿದ. ಯಾರ ಮಾತಿಗೂ ಸಭೆ ಮಿಸುಕಲಿಲ್ಲ. ಆಮೇಲೆ ಗೇಟಿನ ಕಾವಲುಗಾರ ಬಂದ. ಅವನು ಬಾಯಿ ತೆರೆದು "ಯಾಕ್ರೀ ಸಾಹೇಬ್ರ" ಎನ್ನುವುದೇ ತಡ, ಇಡೀ ಮಂದಿರ ಗೊಳ್ಳೆಂದಿತು. ಅವನು ಹೇಳಿದ್ದರಲ್ಲಿ ಹಾಸ್ಯವೇನೂ ಇರಲಿಲ್ಲ. ಯಜಮಾನರು ಊರಿನಲ್ಲಿಲ್ಲ ಎಂದಷ್ಟೇ ಹೇಳಿದ್ದ. ಎಲ್ಲರೊಡನೆ ನಾನೂ ನಕ್ಕೆ. ಹುಡುಗ ನನ್ನ ತೋಳು ಜಗ್ಗಿ ಕೇಳಿದ:

"ಕಾಕಾ, ಆತ ನಮ್ಮಂಗಽ ಮಾತಾಡ್ಲಾಕತ್ತಾನ. ಮಂದಿ ಯಾಕ ನಗ್ಲಾಕತ್ತಾರ?"

ನನ್ನಲ್ಲಿ ಉತ್ತರವಿರಲಿಲ್ಲ. ಹಿಂದಿನ ಸಾಲಿನ ಹಿರಿಯರೊಬ್ಬರು, "ಸುಮ್ಮಕ ಕೂಡಪಾ, ನಗಲಾಕಽ ಪಿಚ್ಚರ್ ಮಾಡ್ಯಾರ" ಎಂದು ಹುಡುಗನ ಬಾಯಿ ಮುಚ್ಚಿಸಿದರು. ಹುಡುಗ ಸುಮ್ಮನಾದ. ಆದರೆ ಆ ಪ್ರಶ್ನೆ ಸುಮ್ಮನಾಗಲಿಲ್ಲ. ಅದರಿಂದಲೇ ಈ ಲೇಖನ.

ಮೊದಲೇ ಒಪ್ಪಿಕೊಳ್ಳುತ್ತೇನೆ: ನಾನು ಚಿತ್ರವಿಮರ್ಶಕನಲ್ಲ. ಕ್ಯಾಮರಾ ಎಲ್ಲಿಡಬೇಕು, ಬೆಳಕು ಹೇಗೆ ಬೀಳಬೇಕು ಎಂಬ ವಿದ್ಯೆ ನನಗೆ ತಿಳಿಯದು. ಉದ್ಯೋಗದ ನಿಮಿತ್ತ ಯಾದಗಿರಿ, ಶಹಾಪುರ, ಸುರಪುರಗಳ ನಡುವೆ ಬಸ್ಸಿನಲ್ಲಿ ಓಡಾಡುವವನು. ಸಂಜೆ ಎಲ್ಲಿ ಬಿಡುವಾಯಿತೋ ಅಲ್ಲಿ, ಯಾವ ಚಿತ್ರ ನಡೆದಿದೆಯೋ ಅದಕ್ಕೆ, ಟಿಕೆಟ್ಟು ಕೊಂಡು ಒಳಗೆ ಹೋಗುವವನು. ಆ ವರ್ಷ ಹಾಗೆ ನೋಡಿದ ಚಿತ್ರಗಳು ಇಪ್ಪತ್ತೆರಡು. ಕನ್ನಡದವು ಒಂಬತ್ತು, ತೆಲುಗಿನವು ಎಂಟು, ಹಿಂದಿಯವು ಮೂರು, ಪರಭಾಷೆಯಿಂದ ಕನ್ನಡಕ್ಕೆ ಡಬ್ ಆದವು ಎರಡು. ಈ ಲೆಕ್ಕವೇ ನಮ್ಮ ಸೀಮೆಯ ಸ್ಥಿತಿಯನ್ನು ಅರ್ಧ ಹೇಳುತ್ತದೆ. ಉಳಿದರ್ಧವನ್ನು ನಾನು ಹೇಳುತ್ತೇನೆ. ಅಡುಗೆಯ ರುಚಿ ಹೇಳಲು ಬಾಣಸಿಗನೇ ಆಗಬೇಕೆಂದಿಲ್ಲ, ಉಂಡವನೂ ಹೇಳಬಹುದಷ್ಟೆ.

ವರ್ಷಾರಂಭದಲ್ಲಿ ಸಂಕ್ರಾಂತಿಗೆ ಬಂದದ್ದು ತೆಲುಗಿನ 'ಸಂಕ್ರಾಂತಿಕಿ ವಸ್ತುನ್ನಾಂ'. ವೆಂಕಟೇಶ್ ಅವರ ಸಂಸಾರದ ಗಲಾಟೆಯ ಕತೆ. ಹೊಸದೇನೂ ಇಲ್ಲ, ಆದರೆ ಹೆಂಡಿರು ಮಕ್ಕಳೊಡನೆ ಕುಳಿತು ನಗಬಹುದಾದ ಚಿತ್ರ. ಫೆಬ್ರವರಿಯಲ್ಲಿ ಹಿಂದಿಯ 'ಛಾವಾ' ಬಂತು. ಶಿವಾಜಿಯ ಮಗ ಸಂಭಾಜಿಯ ಚರಿತ್ರೆ. ಮೊದಲಿನಿಂದ ಕಡೆಯವರೆಗೆ ಗರ್ಜನೆ. ಮನುಷ್ಯನ ಮಾತು ಕೇಳಿದ್ದು ಕಡಿಮೆ. ಆದರೂ ತಮ್ಮ ನಾಡಿನ ಅರಸನೊಬ್ಬನನ್ನು ಇಷ್ಟು ಹಣ ಸುರಿದು, ಇಷ್ಟು ಅಭಿಮಾನದಿಂದ ಪರದೆಗೆ ತಂದವರನ್ನು ಕಂಡು ನನಗೆ ಮತ್ಸರವಾದದ್ದು ನಿಜ. ಆ ಮತ್ಸರದ ಕಾರಣವನ್ನು ಮುಂದೆ ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಬಂದ 'ಅಜ್ಞಾತವಾಸಿ' ನನಗೆ ಮೆಚ್ಚಾಯಿತು. ಮಲೆನಾಡಿನ ಒಂದು ಹಳ್ಳಿ, ಒಂದು ಪೊಲೀಸ್ ಠಾಣೆ, ರಂಗಾಯಣ ರಘು ಅವರ ಬಿಗಿ ಮುಖ. ನಟನೊಬ್ಬ ಕೂಗಾಡದೆಯೂ ಸಭೆಯನ್ನು ಹಿಡಿದಿಡಬಲ್ಲ ಎಂಬುದನ್ನು ಮರೆತಿದ್ದ ನಮಗೆ ಅದೊಂದು ನೆನಪಿನೋಲೆ. ಆದರೆ ಹೊರಗೆ ಬಂದ ಮೇಲೆ ಒಂದು ಯೋಚನೆ ಹೊಳೆಯಿತು. ನಮ್ಮ ಒಳ್ಳೆಯ ಚಿತ್ರಗಳಲ್ಲಿ ಯಾವಾಗಲೂ ಮಳೆಯೇಕೆ ಸುರಿಯುತ್ತಿರುತ್ತದೆ? ಮಂಜು, ಅಡಕೆ ತೋಟ, ಹೆಂಚಿನ ಮನೆ. ಇವಿಲ್ಲದೆ ಕನ್ನಡದ ಹಳ್ಳಿಯೇ ಇಲ್ಲವೇನು? ವೈಶಾಖದ ಬಿಸಿಲಿನಲ್ಲಿ ಬಿರಿದ ಎರೆಭೂಮಿ, ತೊಗರಿಯ ಹೊಲ, ಪರಸಿಕಲ್ಲಿನ ಮಾಳಿಗೆಮನೆ ಇವೂ ಕರ್ನಾಟಕವೇ ಎಂದು ಯಾರಾದರೂ ಆ ಕ್ಯಾಮರಾದವರಿಗೆ ತಿಳಿಸಬೇಕು.

ಜುಲೈ ತಿಂಗಳಲ್ಲಿ 'ಸು ಫ್ರಮ್ ಸೋ' ಬಂತು. ಹೆಸರು ಕೇಳಿ ಇದೆಂಥ ಅವತಾರವೆಂದುಕೊಂಡು ಹೋದವನು ಹೊಟ್ಟೆ ಹಿಡಿದು ನಕ್ಕು ಬಂದೆ. ಜೆ. ಪಿ. ತುಮಿನಾಡು ಬರೆದು, ನಿರ್ದೇಶಿಸಿ, ನಟಿಸಿದ ಚಿತ್ರ. ಕರಾವಳಿಯ ಒಂದು ಊರಿನ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನೆಯೆಂಬ ಹೆಂಗಸಿನ ದೆವ್ವ ಬಂದಿದೆಯೆಂದು ಊರಿಗೆ ಊರೇ ನಂಬುವ ಕತೆ. ಅಲ್ಲಿ ಎಲ್ಲರೂ ಆಡುವುದು ಅವರವರ ಮನೆಯ ಮಾತು. ನಾವು ನಗುವುದು ಊರಿನವರ ಭಯಕ್ಕೆ, ಜಂಬಕ್ಕೆ, ಮೊಂಡುತನಕ್ಕೆ. ಅವರ ಉಚ್ಚಾರಕ್ಕೆ ಅಲ್ಲ. ಈ ವ್ಯತ್ಯಾಸವನ್ನು ಓದುಗರು ಗಮನದಲ್ಲಿಡಬೇಕು. ನನ್ನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಅಕ್ಟೋಬರ್ 2ರಂದು 'ಕಾಂತಾರ: ಅಧ್ಯಾಯ 1'. ವೈಭವಕ್ಕೆ ಕೊರತೆಯಿಲ್ಲ, ರಿಷಬ್ ಶೆಟ್ಟರ ದುಡಿಮೆಗೆ ಕೈ ಮುಗಿಯಬೇಕು. ಆದರೆ 2022ರ 'ಕಾಂತಾರ'ದಲ್ಲಿ ಒಂದು ಹಳ್ಳಿಯ ಭೂಮಿಯ ಜಗಳವಿತ್ತು, ಅರಣ್ಯದ ಅಧಿಕಾರಿಯಿದ್ದ, ಮೀನು ಹುರಿಯುವ ಮನೆಯಿತ್ತು. ಅದು ನನ್ನ ಊರಿನ ಕತೆಯಲ್ಲದಿದ್ದರೂ ನನಗೆ ಪರಿಚಯದ ಕತೆಯಾಗಿತ್ತು. ಇದರಲ್ಲಿ ಅರಸರು, ಮಂತ್ರವಾದಿಗಳು, ರಥಗಳು. ಕಣ್ಣು ತುಂಬಿತು, ಮನಸ್ಸು ತುಂಬಲಿಲ್ಲ. ಇದು ನನ್ನ ಅಭಿರುಚಿ. ಒಪ್ಪದವರು ಬಹಳ ಮಂದಿ ಇರುವರು, ಇರಲಿ. ಮಿಕ್ಕ ಚಿತ್ರಗಳ ಹೆಸರು ಹೇಳಿ ಈ ಪುಟವನ್ನು ತುಂಬಿಸಲಾರೆ. ಕತ್ತಿ, ಹೊಗೆ, ನಿಧಾನವಾಗಿ ನಡೆದು ಬರುವ ನಾಯಕ, ಅವನ ಬೆನ್ನ ಹಿಂದೆ ಬೆಂಕಿ. ಒಂದರ ನಡುಭಾಗವನ್ನು ಕತ್ತರಿಸಿ ಇನ್ನೊಂದಕ್ಕೆ ಅಂಟಿಸಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಈಗ ತಕರಾರಿಗೆ ಬರೋಣ.

ನಾನು ನೋಡಿದ ಕನ್ನಡದ ಒಂಬತ್ತು ಚಿತ್ರಗಳಲ್ಲಿ ನಮ್ಮ ಕಡೆಯ ಮಾತಾಡುವ ಪಾತ್ರ ನಾಲ್ಕರಲ್ಲಿತ್ತು. ಒಬ್ಬ ಕಾವಲುಗಾರ, ಒಬ್ಬ ಅಡುಗೆಯವ, ಒಬ್ಬ ಕುಡುಕ, ಒಬ್ಬ ಲಂಚಕೋರ ಪೇದೆ. ನಾಯಕನಾಗಲಿ, ನಾಯಕಿಯಾಗಲಿ, ವೈದ್ಯನಾಗಲಿ, ಮೇಷ್ಟರಾಗಲಿ, ಕಡೆಗೆ ಗೌರವವುಳ್ಳ ಒಬ್ಬ ಖಳನಾಗಲಿ ಈ ಮಾತಾಡಲಿಲ್ಲ. ಅಂದರೆ ಚಿತ್ರರಂಗದ ಮಹನೀಯರ ಕಣ್ಣಿನಲ್ಲಿ ನಮ್ಮ ಮಾತು ಒಂದು ವೇಷ. ಬಫೂನನಿಗೆ ಹಿಂದೆ ಕೆಂಪು ಮೂಗು ಅಂಟಿಸುತ್ತಿದ್ದರು. ಈಗ "ರೀ" ಅಂಟಿಸುತ್ತಾರೆ.

ಆ ವೇಷವಾದರೂ ಸರಿಯಾಗಿದೆಯೇ? ಅದೂ ಇಲ್ಲ. ಪರದೆಯ ಮೇಲೆ 'ಉತ್ತರ ಕರ್ನಾಟಕದ ಭಾಷೆ' ಎಂದು ಕೇಳಿಬರುವ ವಸ್ತು ಭೂಮಿಯ ಮೇಲೆ ಯಾವ ಊರಿನಲ್ಲೂ ಇಲ್ಲ. ಬೆಂಗಳೂರಿನ ವಾಕ್ಯವೊಂದನ್ನು ತೆಗೆದುಕೊಂಡು, ಅದರ ತುದಿಗೆ ಒಂದು "ರೀ", ನಡುವೆ ಒಂದು "ಲೇ" ಸೇರಿಸಿ, ಸ್ವರಗಳನ್ನು ರಬ್ಬರಿನಂತೆ ಎಳೆದರೆ ಅದು ಸಿದ್ಧವಾಗುತ್ತದೆ. ಧಾರವಾಡದವರು "ಮಾಡಾಕತ್ತೀನಿ" ಎಂದರೆ ನಾವು ಶಹಾಪುರದ ಕಡೆಯವರು "ಮಾಡ್ಲಾಕತ್ತೀನಿ" ಎನ್ನುತ್ತೇವೆ. ಬೀದರದ ದಾರಿ ಹಿಡಿದರೆ "ಮಾಡ್ಲತ್ತೀನಿ" ಎಂಬುದು ಕೇಳುತ್ತದೆ. ಗುರುಮಠಕಲ್ಲಿನ ಕಡೆ ತೆಲುಗಿನ ರಾಗ ಬೆರೆಯುತ್ತದೆ. ನಮ್ಮ ದವಾಖಾನಿ, ಜರೂರ, ಫರಕ, ಖರೆ ಇವುಗಳೊಳಗೆ ನಿಜಾಮಶಾಹಿಯ ಶತಮಾನಗಳೇ ಕುಳಿತಿವೆ. ಇನ್ನು "ರಿ" ಎಂಬುದು ಮರ್ಯಾದೆಯ ಪ್ರತ್ಯಯ. ಹಿರಿಯರಿಗೆ, ಅಪರಿಚಿತರಿಗೆ, ಬೀಗರಿಗೆ ಹಚ್ಚುವಂಥದು. ಜೊತೆಯ ಕುಡುಕನಿಗೂ ಹಿತ್ತಲಿನ ಎಮ್ಮೆಗೂ "ರೀ" ಎನ್ನುವ ಮನುಷ್ಯನನ್ನು ನಾನು ಈ ಮೂರು ತಾಲ್ಲೂಕುಗಳಲ್ಲಿ ಕಂಡಿಲ್ಲ; ಚಿತ್ರಮಂದಿರದಲ್ಲಿ ಮಾತ್ರ ಕಂಡಿದ್ದೇನೆ.

"ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟೇಕೆ? ಒಂದು ನಗೆ ತಾನೆ?" ಎಂದು ಬೆಂಗಳೂರಿನ ನನ್ನ ಗೆಳೆಯರು ಕೇಳುತ್ತಾರೆ. ನಗೆಗೆ ನನ್ನ ವಿರೋಧವಿಲ್ಲ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರನ್ನು ಓದಿ ನಕ್ಕವನು ನಾನು. ರಾಜರತ್ನಂ ಅವರು ಒಬ್ಬ ಕುಡುಕನ ಬಾಯಿಗೆ ಆಡುಮಾತನ್ನೇ ಇಟ್ಟರು. ಆದರೂ ರತ್ನನನ್ನು ಓದಿದವರು ಅವನನ್ನು ಪ್ರೀತಿಸಿದರೇ ವಿನಾ ಹೀಗಳೆಯಲಿಲ್ಲ. ಬೇಂದ್ರೆಯವರು ಧಾರವಾಡದ ಮಾತಿನಲ್ಲಿ ಕನ್ನಡ ಕಾವ್ಯದ ಶಿಖರವನ್ನೇ ಏರಿದರು, 1973ರ ಜ್ಞಾನಪೀಠ ಪ್ರಶಸ್ತಿಯೂ ಅವರನ್ನು ಹುಡುಕಿಕೊಂಡು ಬಂತು. ಕಾಗದದ ಮೇಲೆ ನಮ್ಮ ಕಡೆಯ ಮಾತು ಎಂದೋ ಗೆದ್ದಿದೆ. ಪರದೆಯ ಮೇಲೆ ಮಾತ್ರ ಅದು ಇನ್ನೂ ಗೇಟಿನ ಹೊರಗೇ ನಿಂತಿದೆ. ಒಬ್ಬನ ಮೂರ್ಖತನಕ್ಕೆ ನಗುವುದು ಹಾಸ್ಯ. ಒಬ್ಬನ ತಾಯಿನುಡಿಗೆ ನಗುವುದು ಹಾಸ್ಯವಲ್ಲ, ಅವಮಾನ. ಮೊದಲನೆಯದರಲ್ಲಿ ನಕ್ಕ ಮೇಲೆ ಎಲ್ಲರೂ ಹಗುರಾಗುತ್ತಾರೆ. ಎರಡನೆಯದರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಮನೆಗೆ ಹೋಗಿ ತನ್ನ ಅವ್ವನ ಮಾತನ್ನು ಹೊಸದಾಗಿ ಕೇಳಿಸಿಕೊಳ್ಳುತ್ತಾನೆ.

ಇದು ಸಣ್ಣ ಮಾತಲ್ಲವೆನ್ನಲು ಇನ್ನೊಂದು ಕಾರಣವಿದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 51.83, ರಾಜ್ಯದಲ್ಲೇ ಕಡೆಯ ಸ್ಥಾನ. ಪುಸ್ತಕ, ಪತ್ರಿಕೆಗಳು ಮುಟ್ಟದ ಮನೆಗಳಿಗೂ ಇಲ್ಲಿ ಸಿನಿಮಾ ಮುಟ್ಟುತ್ತದೆ. 'ಒಳ್ಳೆಯ ಕನ್ನಡ' ಯಾವುದು, 'ಕೆಟ್ಟ ಕನ್ನಡ' ಯಾವುದು ಎಂಬ ಪಾಠವನ್ನು ಅಂಥವರಿಗೆ ಹೇಳಿಕೊಡುತ್ತಿರುವುದು ಈ ಪರದೆಯೇ. ಆ ಪಾಠ ಸುಳ್ಳಿನ ಪಾಠ. ಒಂಬತ್ತನೆಯ ಶತಮಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿದ್ದು ಮಳಖೇಡದ ಅರಮನೆಯಲ್ಲಿ, ನಮ್ಮ ನೆರೆಯ ಸೇಡಂ ತಾಲ್ಲೂಕಿನಲ್ಲಿ. ಕನ್ನಡದ ತಿರುಳು ಇರುವ ನಾಡೆಂದು ಆ ಗ್ರಂಥ ಗುರುತಿಸಿದ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆ. ಆದ್ಯ ವಚನಕಾರನೆಂದು ಹೆಸರಾದ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು. ಕನ್ನಡದ ತವರುಮನೆಯ ಮಾತು ಕೇಳಿ ಕನ್ನಡಿಗರೇ ನಗುವಂತಾದದ್ದು ಕಾಲದ ಮಹಿಮೆಯೆಂದು ಸುಮ್ಮನಿರಲೇ?

ಇನ್ನು ಚಿತ್ರೋದ್ಯಮಿಗಳ ದೊಡ್ಡ ಆಕ್ಷೇಪ: "ಆ ಭಾಷೆಯಲ್ಲಿ ಇಡೀ ಚಿತ್ರ ತೆಗೆದರೆ ಮೈಸೂರು, ಮಂಡ್ಯದವರಿಗೆ ಅರ್ಥವಾಗುವುದಿಲ್ಲ, ಹಾಕಿದ ಹಣ ಮುಳುಗುತ್ತದೆ." ಕೇಳಲು ಲೆಕ್ಕಾಚಾರದ ಮಾತಿನಂತಿದೆ. ಆದರೆ ಲೆಕ್ಕ ಹಾಕಿದವರು ಕಣ್ಣು ತೆರೆದು ಸುತ್ತ ನೋಡಿದ್ದಾರೆಯೇ?

ಪೂರ್ವಕ್ಕೆ ನೋಡಿ. 1956ರವರೆಗೆ ನಾವೂ ತೆಲಂಗಾಣದವರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದೆವು. ತೆಲುಗು ಚಿತ್ರಗಳಲ್ಲಿ ಅವರ ಮಾತಿಗೂ ಇದೇ ಗತಿ. ಪುಂಡರಿಗೂ ವಿದೂಷಕರಿಗೂ ತೆಲಂಗಾಣದ ಮಾತು, ನಾಯಕನಿಗೆ ಕೃಷ್ಣಾ, ಗುಂಟೂರಿನ ಮಾತು. 2017ರಲ್ಲಿ 'ಫಿದಾ' ಚಿತ್ರದ ನಾಯಕಿಯ ಬಾಯಲ್ಲಿ ಆ ಮಾತು ಬಂತು; ಆಂಧ್ರದವರೂ ತಲೆದೂಗಿದರು. 2023ರಲ್ಲಿ 'ಬಲಗಂ' ಬಂತು. ಹಳ್ಳಿಯ ಮುದುಕನೊಬ್ಬ ಸತ್ತ ಮನೆಯ ಕತೆ, ಅಷ್ಟೇ. ತೆಲಂಗಾಣದ ಹಳ್ಳಿಹಳ್ಳಿಗಳಲ್ಲಿ ಬಯಲಿನಲ್ಲಿ ಪರದೆ ಕಟ್ಟಿ, ಊರವರೆಲ್ಲ ಕೂಡಿ ಕುಳಿತು, ನೋಡಿ ಅತ್ತರು.

ವಾಯವ್ಯಕ್ಕೆ ನೋಡಿ. 2016ರಲ್ಲಿ ನಾಗರಾಜ ಮಂಜುಳೆಯವರ 'ಸೈರಾಟ್' ಸೊಲ್ಲಾಪುರ ಜಿಲ್ಲೆಯ ಕರಮಾಳದ ಒರಟು ಮರಾಠಿಯಲ್ಲಿ ಮಾತನಾಡಿತು. ಪುಣೆಯವರಿಗೆ ಅರ್ಥವಾಗಲಿಲ್ಲವೆಂದು ಯಾರೂ ಗೋಳಾಡಲಿಲ್ಲ. ಮರಾಠಿ ಚಿತ್ರರಂಗ ಅದುವರೆಗೆ ಕಾಣದ ಗಳಿಕೆಯಾಯಿತು. ಅದನ್ನು ಕನ್ನಡಕ್ಕೆ 'ಮನಸು ಮಲ್ಲಿಗೆ'ಯಾಗಿ 2017ರಲ್ಲಿ ತಂದೆವು. ಕತೆಯನ್ನು ತಂದೆವು, ಆ ಧೈರ್ಯವನ್ನು ತರಲಿಲ್ಲ.

ಅಷ್ಟು ದೂರವೇಕೆ, ನಮ್ಮ ಕರಾವಳಿಯನ್ನೇ ನೋಡಿ. ಮಂಗಳೂರಿನ ಕನ್ನಡವೂ ಒಂದು ಕಾಲಕ್ಕೆ ಚಿತ್ರಗಳಲ್ಲಿ ಹೋಟೆಲಿನ ಭಟ್ಟರ ಮಾತಾಗಿತ್ತು. "ಎಂಥ ಮಾರಾಯ್ರೆ" ಎಂದರೆ ಸಾಕು, ಜನ ನಗಬೇಕೆಂಬುದು ನಿಯಮವಾಗಿತ್ತು. 2017ರಲ್ಲಿ 'ಒಂದು ಮೊಟ್ಟೆಯ ಕಥೆ', 2021ರಲ್ಲಿ 'ಗರುಡ ಗಮನ ವೃಷಭ ವಾಹನ', 2022ರಲ್ಲಿ 'ಕಾಂತಾರ', 2025ರಲ್ಲಿ 'ಸು ಫ್ರಮ್ ಸೋ'. ಎಂಟು ವರ್ಷಗಳೊಳಗೆ ಆ ಮಾತು ನಾಯಕನ ಮಾತಾಯಿತು. ಸುರಪುರದ ನಮಗೆ ಕುಂದಾಪುರದ ಕನ್ನಡ ಪೂರ್ತಿ ತಿಳಿಯುವುದೇ? ತಿಳಿಯಿತಷ್ಟು ತಿಳಿಯಿತು, ಉಳಿದದ್ದನ್ನು ಮುಖ ನೋಡಿ ತಿಳಿದುಕೊಂಡೆವು. ನಾವು ಕಾಸು ಕೊಟ್ಟು ಅವರ ಮಾತನ್ನು ಕಲಿಯಬಹುದಾದರೆ, ಮೈಸೂರಿನವರು ನಮ್ಮ ಮಾತನ್ನು ಕಲಿಯಲಾರರೇ? ಅವರ ಬುದ್ಧಿಶಕ್ತಿಯ ಮೇಲೆ ನನಗಿರುವಷ್ಟು ನಂಬಿಕೆ ಗಾಂಧಿನಗರದ ನಿರ್ಮಾಪಕರಿಗೆ ಇಲ್ಲವೆಂದೇ ಹೇಳಬೇಕು. 1997ರಲ್ಲಿ ನಾಗಾಭರಣರು 'ನಾಗಮಂಡಲ'ವನ್ನು ಉತ್ತರದ ಆಡುನುಡಿಯಲ್ಲೇ ತೆಗೆದಾಗ ಕನ್ನಡಿಗರು ಅದನ್ನು ಎದೆಗೆ ಹಚ್ಚಿಕೊಂಡದ್ದನ್ನೂ ಅವರು ಮರೆತಂತಿದೆ.

"ಒಪ್ಪಿದೆವು, ಆದರೆ ಅಲ್ಲಿ ಕತೆಯೆಲ್ಲಿದೆ?" ಇದು ಮೂರನೆಯ ಆಕ್ಷೇಪ. 'ಛಾವಾ' ನೋಡಿದಾಗ ಹುಟ್ಟಿದ ಮತ್ಸರಕ್ಕೆ ಈಗ ಬರುತ್ತೇನೆ. ಆ ಚಿತ್ರದಲ್ಲಿ 1689ರಲ್ಲಿ ಸಂಭಾಜಿಯನ್ನು ಕೊಲ್ಲಿಸುವ ಔರಂಗಜೇಬನೇ ಹದಿನಾರು ವರ್ಷದ ಮೇಲೆ, 1705ರಲ್ಲಿ, ಸುರಪುರದ ಬಳಿಯ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಮುದಿ ಬಾದಶಹ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಬಿತ್ತು, ಆದರೆ ಒಳಗಿದ್ದ ಪಿಡ್ಡ ನಾಯಕ ರಾತ್ರೋರಾತ್ರಿ ಜಾರಿಹೋದ, ಕೈಗೆ ಸಿಗಲಿಲ್ಲ. ಎರಡು ವರ್ಷದಲ್ಲಿ ಬಾದಶಹನೇ ತೀರಿಕೊಂಡ. ಇದು ಕತೆಯಲ್ಲವೇ?

ಇನ್ನೊಂದು ಕೇಳಿ. ಸುರಪುರದ ಬಾಲರಾಜ ವೆಂಕಟಪ್ಪ ನಾಯಕ. ಅವನ ತಾಯಿ ರಾಣಿ ಈಶ್ವರಮ್ಮ. ನಿಜಾಮನ ಚಾಕರಿಯಲ್ಲಿದ್ದು 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಇಂಗ್ಲಿಷಿನವ ಮೆಡೋಸ್ ಟೇಲರ್. ಹುಡುಗ ಆ ಪರದೇಶಿಯನ್ನು "ಅಪ್ಪಾ" ಎಂದು ಕರೆಯುತ್ತಿದ್ದ. ಇಪ್ಪತ್ನಾಲ್ಕನೆಯ ವರ್ಷದಲ್ಲಿ ಮರಣವೆಂದು ಅವನ ಜಾತಕದಲ್ಲಿ ಬರೆದಿತ್ತೆಂಬುದನ್ನು ಟೇಲರನೇ ತನ್ನ ಆತ್ಮಕಥೆಯಲ್ಲಿ ಹೇಳಿದ್ದಾನೆ. ಹುಡುಗ ದೊಡ್ಡವನಾಗಿ 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ಮೇಲೆ ಕತ್ತಿ ಹಿರಿದ, ಸೋತ, ಹೈದರಾಬಾದಿನಲ್ಲಿ ಸೆರೆಸಿಕ್ಕ. ಬಂದೀಖಾನೆಯಲ್ಲಿ ಅವನನ್ನು ಕಾಣಲು ಬಂದವನು ಅದೇ "ಅಪ್ಪ". ಮರಣದಂಡನೆ ತಪ್ಪಿ ಚೆಂಗಲ್ಪಟ್ಟಿನ ಸೆರೆಮನೆಗೆ ಒಯ್ಯುವಾಗ ದಾರಿಯಲ್ಲೇ ಗುಂಡು ತಗುಲಿ ಸತ್ತ. ತಾನೇ ಹೊಡೆದುಕೊಂಡನೆಂದು ಇಂಗ್ಲಿಷರ ದಾಖಲೆ. ಊರಿನ ಮಂದಿ ಅದನ್ನು ನಂಬುವುದಿಲ್ಲ. ಸಾಕಿದವನ ಸರಕಾರವೇ ಸಾಕಿದ ಮಗನನ್ನು ಬಲಿ ತೆಗೆದುಕೊಂಡ ಈ ಕತೆಗಿಂತ ಹೆಚ್ಚಿನ ನಾಟಕವನ್ನು ಯಾವ ಪಂಡಿತ ಹೆಣೆಯಬಲ್ಲ? ಕಿತ್ತೂರಿನ ಚೆನ್ನಮ್ಮನಿಗೆ 1961ರಲ್ಲೇ ಚಿತ್ರವಾಯಿತು. ಸಂಗೊಳ್ಳಿ ರಾಯಣ್ಣನಿಗೆ 2012ರಲ್ಲಾಯಿತು. ಎರಡೂ ಯೋಗ್ಯವೇ. ಟೇಲರ್ ಮಂಜಿಲ್ ಮಾತ್ರ ಸುರಪುರದ ಗುಡ್ಡದ ಮೇಲೆ ಇಂದಿಗೂ ಕಾಯುತ್ತ ನಿಂತಿದೆ.

ಹಳೆಯ ರಾಜರು ಬೇಡವೆಂದರೆ ಯಾದಗಿರಿಯ ರೈಲುನಿಲ್ದಾಣಕ್ಕೆ ಬನ್ನಿ. ಸುಗ್ಗಿ ಮುಗಿದ ಮೇಲೆ ಗಂಟುಮೂಟೆ, ಪಾತ್ರೆ, ರೊಟ್ಟಿಯ ಬುತ್ತಿ, ಕಂಕುಳಲ್ಲಿ ಕೂಸು ಹೊತ್ತು ಬೆಂಗಳೂರಿಗೆ, ಮುಂಬಯಿಗೆ, ಪುಣೆಗೆ ಗುಳೆ ಹೊರಟವರು ಫಲಾಟಿನ ಮೇಲೆ ಮಲಗಿರುತ್ತಾರೆ. ಬೆಂಗಳೂರಿನ ಎತ್ತರದ ಮಹಲುಗಳ ಗಾರೆಯಲ್ಲಿ ಇವರ ಬೆವರಿದೆ. ಅಂಥ ಮಹಲಿನಲ್ಲಿ ನಡೆಯುವ ಚಿತ್ರದೊಳಗೆ ಇವರಿಗೆ ಸಿಕ್ಕುವುದು ಗೇಟಿನ ಕಾವಲಿನ ಪಾತ್ರ, ಅದೂ ನಗಿಸಲಿಕ್ಕೆ!

ಈ ಕತೆಗಳನ್ನು ತೆಗೆದವರೇ ಇಲ್ಲವೆಂದು ನಾನು ಹೇಳಿದರೆ ಅನ್ಯಾಯವಾದೀತು. 2024ರ ಮಾರ್ಚಿಯಲ್ಲಿ ಉತ್ಸವ್ ಗೋನವಾರರ 'ಫೋಟೋ' ಬಂತು. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ ರಾಯಚೂರು ಕಡೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಬಳಿಗೆ ಹೋಗುತ್ತಾನೆ. 2020ರ ಲಾಕ್‌ಡೌನ್ ಬಂದು ಅಪ್ಪ ಮಗ ನಡೆದೇ ಊರಿಗೆ ಹೊರಡುತ್ತಾರೆ. ಅದೇ ವರ್ಷದ ಜೂನ್‌ನಲ್ಲಿ ಜೈಶಂಕರ್ ಆರ್ಯರ್ ಅವರ 'ಶಿವಮ್ಮ' ಬಂತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಅಲ್ಲಿಯ ಮಾತಿನಲ್ಲಿ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸೊಬ್ಬಳು ಪುಡಿ ಮಾರುವ ಜಾಲದ ವ್ಯಾಪಾರಕ್ಕೆ ಬಿದ್ದ ಕತೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ನ್ಯೂ ಕರೆಂಟ್ಸ್ ಪ್ರಶಸ್ತಿ ಸಿಕ್ಕಿತು. ಕೊರಿಯಾದವರಿಗೆ ಅರ್ಥವಾದ ಕೊಪ್ಪಳದ ಮಾತು ಮಂಡ್ಯಕ್ಕೆ ಅರ್ಥವಾಗುವುದಿಲ್ಲವಂತೆ!

ಇಲ್ಲಿಯವರೆಗೆ ಪರರನ್ನು ಬೈದದ್ದಾಯಿತು, ಇನ್ನು ನಮ್ಮನ್ನು. ಈ ಎರಡೂ ಚಿತ್ರಗಳನ್ನು ನಾನು ನೋಡಿದ್ದು ಬೆಂಗಳೂರಿಗೆ ಹೋದಾಗ. 'ಶಿವಮ್ಮ'ನ ಆಟಕ್ಕೆ ನನ್ನೊಡನೆ ಕುಳಿತವರು ಹನ್ನೊಂದು ಮಂದಿ. ಊರಿಗೆ ಬಂದು ಹತ್ತಾರು ಗೆಳೆಯರಿಗೆ ಹೇಳಿದೆ: ಶಿಕ್ಷಕರು, ವಕೀಲರು, ಆಫೀಸಿನವರು. "ಅದ್ರಾಗ ಏನೈತ್ರಿ, ನಮ್ಮ ಮನ್ಯಾಗಿನ ಗೋಳಽ ಐತಿ" ಎಂದವರೇ ಹೆಚ್ಚು. ಅದೇ ಗೆಳೆಯರು ತೆಲುಗಿನ ದೊಡ್ಡ ನಟನ ಚಿತ್ರ ಬಂದರೆ ಮೊದಲ ದಿನದ ಮೊದಲ ಆಟಕ್ಕೆ ಬೆಳಕು ಹರಿಯುವ ಮುನ್ನ ಸಾಲಿನಲ್ಲಿ ನಿಂತಿರುತ್ತಾರೆ. ತೆಲುಗು ನೋಡುವುದು ತಪ್ಪಲ್ಲ. ನಾನೂ ಎಂಟು ನೋಡಿದೆ. 1960ರ ದಶಕದಲ್ಲಿ ಅ. ನ. ಕೃ., ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗನ್ನು ವಿರೋಧಿಸಿ ಕನ್ನಡ ಚಿತ್ರೋದ್ಯಮಕ್ಕೆ ಬೇಲಿ ಕಟ್ಟಿದರು. ಎಳೆಯ ಗಿಡಕ್ಕೆ ಅದು ಬೇಕಾಗಿಯೇ ಇತ್ತು. ಆದರೆ ಗಡಿಯ ನಮಗೆ ಎಲ್ಲವೂ ತೆಲುಗಿನಲ್ಲೇ ದೊರೆತವು; ನಮ್ಮ ಮಕ್ಕಳು ತೆಲುಗು ಕಲಿತರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ತೀರ್ಪು ಬಂದು, 2017ರಿಂದ ಡಬ್ ಆದ ಚಿತ್ರಗಳು ಮತ್ತೆ ಬಂದರೂ ಅವುಗಳ ಕನ್ನಡ ಕೃತಕ ಗ್ರಾಂಥಿಕ. ಬೇಲಿ ಯಾರನ್ನು ಕಾಯಿತೋ ಅವರು ನಮ್ಮನ್ನು ಕಾಯಬೇಕಿತ್ತು ಎಂಬುದು ಒಂದು ದೂರಾದರೆ, ನಮ್ಮ ಮನೆಯ ಗೋಳನ್ನು ನಾವೇ ನೋಡಲೊಲ್ಲೆವೆಂಬುದು ಅದಕ್ಕಿಂತ ದೊಡ್ಡ ದೂರು.

ಇನ್ನೂ ಒಂದು ಇದೆ. ಆ ಹುಡುಗನ ಶಾಲೆಯಲ್ಲಿ "ಹೋಗ್ಲಾಕತ್ತೀನಿ" ಎಂದರೆ "ಸರಿಯಾಗಿ ಮಾತಾಡು" ಎಂದು ಗದರಿಸುತ್ತಾರಂತೆ. ಗದರಿಸುವವರೂ ಈ ನೆಲದವರೇ. ಮದುವೆಯ ಮಾತುಕತೆಯಲ್ಲಿ, ಬ್ಯಾಂಕಿನಲ್ಲಿ, ಸಾಹೇಬರ ಎದುರಿನಲ್ಲಿ ನಾವು ನಮ್ಮ ಮಾತನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ಚಿತ್ರದವರು ನಮ್ಮ ಮಾತನ್ನು ನಗೆಪಾಟಲು ಮಾಡಿದರು ನಿಜ. ಆದರೆ ಅದನ್ನು ನಾಚಿಕೆಯ ಮಾತೆಂದು ಅವರಿಗೆ ತೋರಿಸಿಕೊಟ್ಟವರು ನಾವೇ ಅಲ್ಲವೇ?

ಸರಕಾರಕ್ಕೆ ಒಂದು ಮಾತು. 2025ರ ಆಯವ್ಯಯದಲ್ಲಿ ಟಿಕೆಟ್ಟಿನ ದರ 200 ರೂಪಾಯಿ ಮೀರಬಾರದೆಂದು ಸಾರಿದಿರಿ. ಸೆಪ್ಟೆಂಬರಿನಲ್ಲಿ ನಿಯಮವಾಯಿತು, ಅದೇ ತಿಂಗಳು ಉಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಪತ್ರಿಕೆಗಳ ತುಂಬ ಅದೇ ಗದ್ದಲ. ಅದು ಬೆಂಗಳೂರಿನ ಜಗಳ. ನಾನು ಹೋಗುವ ಒಂಟಿಪರದೆಯ ಮಂದಿರಗಳಲ್ಲಿ ಅಷ್ಟು ದರ ಮೊದಲೇ ಇಲ್ಲ. ಇಲ್ಲಿ ದುಬಾರಿಯಾಗಿರುವುದು ಟಿಕೆಟ್ಟಲ್ಲ, ನೋಡತಕ್ಕ ಚಿತ್ರ. ಚಲನಚಿತ್ರ ಅಕಾಡೆಮಿಯು ವರ್ಷಕ್ಕೆ ಹತ್ತು ಒಳ್ಳೆಯ ಚಿತ್ರಗಳನ್ನು ತಂದು ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ತೋರಿಸಲಿ. ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ, ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಬಯಲಿಗೆ ಪರದೆ ಕಟ್ಟಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬರುವ ಕೋಟಿಗಳಲ್ಲಿ ಒಂದು ಚೂರು, ಈ ಭಾಗದ ಹುಡುಗ ಹುಡುಗಿಯರು ಚಿತ್ರ ತೆಗೆಯಲು ಕಲಿಯುವುದಕ್ಕೆ ಹೋಗಲಿ. ಕರಾವಳಿಯ ಮಾತನ್ನು ಪರದೆಗೆ ಏರಿಸಿದವರು ಬೆಂಗಳೂರಿನ ದಯಾಳುಗಳಲ್ಲ; ಕರಾವಳಿಯ ನಾಟಕರಂಗದಲ್ಲಿ ಬೆಳೆದ ಅಲ್ಲಿಯ ಮಕ್ಕಳೇ. ನಮ್ಮಲ್ಲಿಯೂ ಬಯಲಾಟವಿದೆ, ಕಂಪನಿ ನಾಟಕವಿದೆ, ಮೊಹರಮ್ಮಿನ ಪದವಿದೆ. ಇಲ್ಲದಿರುವುದು ಕ್ಯಾಮರಾ ಹಿಡಿಯುವ ಕೈ.

ಚಿತ್ರ ತೆಗೆಯುವವರಿಗೂ ಒಂದು ಮಾತು. ನಮ್ಮ ಮಾತು ಬೇಕೆಂದರೆ ಅದನ್ನು ಆಡುವವರನ್ನು ಕೇಳಿ ಬರೆಸಿಕೊಳ್ಳಿ. ಊಹೆಯ ಮೇಲೆ "ರೀ" ಹಚ್ಚಬೇಡಿ. ಅದೂ ಆಗದಿದ್ದರೆ ನಿಮ್ಮ ಕಾವಲುಗಾರನಿಗೆ ನಿಮ್ಮ ಮಾತನ್ನೇ ಕೊಡಿ, ನಮಗೆ ನಷ್ಟವಿಲ್ಲ.

ಮೊನ್ನೆ ಆ ಹುಡುಗ ಮತ್ತೆ ಬಂದಿದ್ದ. "ಕಾಕಾ, ಪಿಚ್ಚರಕ ಹೋಗೂಣೇನ್ರಿ?" ಎಂದ. ಹೋಗೋಣ ಎಂದೆ. ಈ ಸಲವೂ ಗೇಟಿನವನು ಬಂದಾನು, ಬಾಯಿ ತೆರೆದಾನು, ಮಂದಿ ನಕ್ಕಾರು. ನಾನಂತೂ ನಗುವುದಿಲ್ಲ. ಒಬ್ಬನ ಮೌನದಿಂದ ಚಿತ್ರರಂಗ ತಿದ್ದಿಕೊಂಡೀತೆಂಬ ಭ್ರಮೆ ನನಗಿಲ್ಲ. ಆದರೆ ಪಕ್ಕದಲ್ಲಿ ಕುಳಿತ ಹುಡುಗ ನನ್ನ ಮುಖವನ್ನು ನೋಡುತ್ತಿರುತ್ತಾನೆ.